ಕಾರಿನ ಏರ್ ಇನ್‌ಟೇಕ್ ಮಾರ್ಪಾಡು

ಹೊರಗಿನ ಗಾಳಿಯನ್ನು ಎಂಜಿನ್ನಿನ ಸಿಲಿಂಡರುಗಳ ತನಕ ತಲುಪಿಸುವ ದಾರಿಗೆ ಏರ್ ಇನ್‌ಟೇಕ್ ಎಂದು ಹೆಸರು. ಗ್ರಿಲ್ಲಿನ ಹಿಂದೆ ತೆರೆದುಕೊಳ್ಳುವ ಮೂತಿ, ಏರ್ ಬಾಕ್ಸ್, ಅದರೊಳಗಿನ ಫಿಲ್ಟರ್, ರಬ್ಬರ್ ಹೋಸ್, ಥ್ರಾಟಲ್, ಮ್ಯಾನಿಫೋಲ್ಡ್ ಎಲ್ಲವೂ ಈ ದಾರಿಯ ಭಾಗಗಳೇ. ಕಂಪನಿ ಕೊಟ್ಟ ಈ ವ್ಯವಸ್ಥೆಯ ಒಂದು ಭಾಗವನ್ನೋ ಇಡಿಯಾಗಿಯೋ ಬದಲಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ಅಥವಾ ತಣ್ಣನೆಯ ಗಾಳಿ ಸಿಗುವಂತೆ ಮಾಡುವುದೇ ಇನ್‌ಟೇಕ್ ಮಾರ್ಪಾಡು. ಕಾರಿನ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಇದಕ್ಕೇ. ಎಂಜಿನ್ ಬಿಚ್ಚಬೇಕಿಲ್ಲ, ಸ್ಕ್ರೂಡ್ರೈವರ್ ಮತ್ತು ಒಂದೆರಡು ಸ್ಪಾನರ್ ಸಾಕು, ಬೇಡವೆನಿಸಿದರೆ ಹಳೆಯದನ್ನೇ ಮತ್ತೆ ಕೂರಿಸಬಹುದು. ಆದರೆ ಇದರಿಂದ ಸಿಗುವ ಲಾಭದ ಬಗ್ಗೆ ಜಾಹೀರಾತು ಹೇಳುವುದಕ್ಕೂ ಅಳತೆ ತೋರಿಸುವುದಕ್ಕೂ ಬಹಳ ಅಂತರವಿದೆ. ಟರ್ಬೊ ಇಲ್ಲದ ಇಂದಿನ ಪೆಟ್ರೋಲ್ ಕಾರಿನಲ್ಲಿ ಬರೀ ಫಿಲ್ಟರ್ ಬದಲಿಸಿದರೆ ಆಗುವ ಲಾಭ ಅತ್ಯಲ್ಪ. ಗಾಳಿ ಎಲ್ಲಿಂದ ಬರುತ್ತದೆ, ಎಷ್ಟು ಬಿಸಿಯಾಗಿ ಬರುತ್ತದೆ ಎಂಬುದೇ ಹೆಚ್ಚು ಮುಖ್ಯ.

ಎಂಜಿನ್ನಿಗೆ ಬೇಕಾದ ಗಾಳಿ

ಪೆಟ್ರೋಲ್ ಪೂರ್ತಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದಷ್ಟು ತೂಗುತ್ತದೆ. ಅದನ್ನು ಉರಿಸಲು ಸುಮಾರು 11 ಕಿಲೋ ಗಾಳಿ, ಎಂದರೆ ಒಂಬತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 1.2 ಲೀಟರಿನ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3600 ಲೀಟರ್, ಸೆಕೆಂಡಿಗೆ 60 ಲೀಟರ್ ಗಾಳಿ ಸೆಳೆಯಬಲ್ಲದು. ಪೆಟ್ರೋಲನ್ನು ಬೇಕಾದಷ್ಟು ಚಿಮ್ಮಿಸಲು ಇಂಜೆಕ್ಟರಿಗೆ ಕಷ್ಟವಿಲ್ಲ. ಶಕ್ತಿಗೆ ಮಿತಿ ಹಾಕುವುದು ಗಾಳಿಯೇ. ಅದರಲ್ಲೂ ಗಾಳಿಯ ಗಾತ್ರ ಅಲ್ಲ, ತೂಕ.

ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೋ. ಬಿಸಿಯಾದರೂ ಎತ್ತರಕ್ಕೆ ಹೋದರೂ ಅದು ತೆಳುವಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಕಡಿಮೆ. ಕರಾವಳಿಗೆ ಇಳಿದ ಕಾರಿನ ಪಿಕಪ್ ಸುಧಾರಿಸಿದಂತೆ ಅನಿಸಿದರೆ ಅದು ಭ್ರಮೆಯಲ್ಲ. ಯಾವ ಫಿಲ್ಟರೂ ಕೊಡಲಾರದಷ್ಟು ಲಾಭವನ್ನು ಘಾಟಿ ಇಳಿಯುವುದೇ ಕೊಟ್ಟುಬಿಡುತ್ತದೆ.

ಉಷ್ಣತೆಯ ಪರಿಣಾಮ ಸ್ವಲ್ಪ ಬೇರೆ ಬಗೆಯದು. ಎಂಜಿನ್ ಶಕ್ತಿಯ ಅಳತೆಯನ್ನು ಹವೆಗೆ ತಕ್ಕಂತೆ ಸರಿಪಡಿಸುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 1585ರಲ್ಲಿ ಉಷ್ಣತೆಯ ಘಾತ 0.6. ಬರುವ ಗಾಳಿ ಹೇಗೂ ಮ್ಯಾನಿಫೋಲ್ಡಿನ, ಸಿಲಿಂಡರಿನ ಬಿಸಿ ಗೋಡೆಗಳಿಂದ ಒಂದಿಷ್ಟು ಕಾಯುವುದರಿಂದ, ಹೊರಗೆ ತಣ್ಣಗಿದ್ದುದರ ಲಾಭವೆಲ್ಲ ಪೂರ್ತಿ ಒಳಗೆ ತಲುಪುವುದಿಲ್ಲ. ಆ ಸೂತ್ರದ ಪ್ರಕಾರ 25 ಡಿಗ್ರಿಯ ಹಿತವಾದ ಮುಂಜಾವಿನಿಂದ 42 ಡಿಗ್ರಿಯ ರಾಯಚೂರಿನ ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಎಂಜಿನ್ನಿನ ಶಕ್ತಿ ಶೇ. 3ಕ್ಕೂ ಹೆಚ್ಚು ಕುಸಿದಿರುತ್ತದೆ. ಹೊರಗೆ 30 ಡಿಗ್ರಿ ಇರುವಾಗ ಬಾನೆಟ್ ಒಳಗಿನ 60 ಡಿಗ್ರಿಯ ಗಾಳಿಯನ್ನು ಎಂಜಿನ್ನಿಗೆ ಉಣಿಸಿದರೆ ನಷ್ಟ ಶೇ. 5 ದಾಟುತ್ತದೆ. ಬಿಸಿ ಗಾಳಿಯಿಂದ ಎಂಜಿನ್ ಕುಟ್ಟತೊಡಗಬಹುದೆಂದು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿದರೆ ಇನ್ನಷ್ಟು ಹೋಗುತ್ತದೆ. ಇನ್‌ಟೇಕ್ ಮಾರ್ಪಾಡಿನ ಒಳಿತು ಕೆಡುಕುಗಳೆಲ್ಲ ಬಹುಮಟ್ಟಿಗೆ ಈ ಲೆಕ್ಕದಲ್ಲೇ ಇವೆ.

ಕಂಪನಿ ಹಾಗೇಕೆ ಮಾಡಿತು

ಬಾನೆಟ್ ಎತ್ತಿ ನೋಡಿದವರಿಗೆ ಕಂಪನಿಯ ಏರ್ ಬಾಕ್ಸ್ ಪೆದ್ದು ಡಬ್ಬಿಯಂತೆ ಕಾಣುತ್ತದೆ. ಮೂತಿ ಸಣ್ಣದು, ದಾರಿ ಸುತ್ತುಬಳಸು, ಪಕ್ಕದಲ್ಲಿ ಎಲ್ಲಿಗೂ ಹೋಗದ ಖಾಲಿ ಡಬ್ಬಿಯೊಂದು ಬೇರೆ. ಇದೆಲ್ಲ ಖರ್ಚು ಉಳಿಸಲು ಮಾಡಿದ ಕೆಲಸ ಎಂದು ತಿಳಿದರೆ ಅದು ಅರ್ಧಸತ್ಯ. ಮೂತಿ ಎಂಜಿನ್ನಿನ ಕಡೆ ಮುಖ ಮಾಡದೆ ರೇಡಿಯೇಟರಿನ ಮುಂದೆಯೋ ಫೆಂಡರಿನ ಒಳಗೋ ತೆರೆದುಕೊಳ್ಳುವುದು ತಣ್ಣನೆಯ ಗಾಳಿಗಾಗಿ. ಅದನ್ನು ಎತ್ತರದಲ್ಲಿ ಇಟ್ಟದ್ದು ನೀರು ನುಗ್ಗದಿರಲೆಂದು. ಎಲ್ಲಿಗೂ ಹೋಗದಂತೆ ಕಾಣುವ ಆ ಡಬ್ಬಿ ಒಂದು ರೆಸೊನೇಟರ್. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ತತ್ತ್ವದಂತೆ, ಸಣ್ಣ ಕುತ್ತಿಗೆಯ ಪೊಳ್ಳು ಪಾತ್ರೆ ತನ್ನದೇ ಒಂದು ಸ್ವರಕ್ಕೆ ಮಿಡಿಯುತ್ತದೆ. ಆ ಸ್ವರದ ಸದ್ದು ಕೊಳವೆಯಲ್ಲಿ ಎದ್ದಾಗ ಅದನ್ನು ತಾನೇ ನುಂಗುತ್ತದೆ. ಕವಾಟಗಳು ತೆರೆದು ಮುಚ್ಚುವಾಗ ಇನ್‌ಟೇಕಿನಲ್ಲಿ ಹುಟ್ಟುವ ಗುಡುಗು ಸಾಮಾನ್ಯದ್ದಲ್ಲ. ರಸ್ತೆಯಲ್ಲಿ ಹಾದುಹೋಗುವ ವಾಹನದ ಸದ್ದಿಗೆ ಕಾನೂನಿನ ಮಿತಿ ಇರುವುದರಿಂದ ಕಂಪನಿಗಳು ಅದನ್ನು ಅಡಗಿಸಲೇಬೇಕು.

ರೆಸೊನೇಟರ್ ಕಿತ್ತರೆ ಗಾಳಿ ಹೆಚ್ಚುವುದು ಅಪರೂಪ, ಸದ್ದು ಹೆಚ್ಚುವುದು ಖಂಡಿತ. ಎಷ್ಟೋ ಮಾರ್ಪಾಡುಗಳು ‘ಕೆಲಸ ಮಾಡುವುದು’ ಕಿವಿಯ ಮೂಲಕವೇ. ಆಕ್ಸಿಲರೇಟರ್ ಒತ್ತಿದೊಡನೆ ಮುಂದಿನಿಂದ ಗರ್ಜನೆ ಬಂದರೆ, ಸ್ಪೀಡೊಮೀಟರ್ ಮುಳ್ಳು ಎಂದಿನಂತೆಯೇ ಏರುತ್ತಿದ್ದರೂ ಮನಸ್ಸು ಮುಂದೆ ಓಡುತ್ತದೆ. ಕಾರು ಕಂಪನಿಗಳಿಗೂ ಇದು ಗೊತ್ತು. ಫೋರ್ಡ್ ತನ್ನ ಫೋಕಸ್ ಎಸ್‌ಟಿ ಕಾರಿನಲ್ಲಿ ಇನ್‌ಟೇಕಿನ ಸದ್ದನ್ನು ಕೊಳವೆಯೊಂದರ ಮೂಲಕ ನೇರವಾಗಿ ಕ್ಯಾಬಿನ್ನಿಗೇ ತಂದು ಬಿಟ್ಟಿತು. ಅದರಿಂದ ಅಶ್ವಶಕ್ತಿ ಹೆಚ್ಚಲಿಲ್ಲ, ಓಡಿಸುವವರ ಖುಷಿ ಹೆಚ್ಚಿತು.

ಇತಿಹಾಸ

ಕಾರ್ಬ್ಯುರೇಟರ್ ಕಾಲದ ಏರ್ ಕ್ಲೀನರ್ ಎಂಜಿನ್ನಿನ ತಲೆಯ ಮೇಲೆಯೇ ಕೂತು ಬಿಸಿ ಗಾಳಿಯನ್ನು ಎಳೆಯುತ್ತಿತ್ತು. ಚಳಿದೇಶಗಳಲ್ಲಂತೂ ಕಾರ್ಬ್ಯುರೇಟರಿನೊಳಗೆ ಹಿಮ ಕಟ್ಟದಿರಲೆಂದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿಯನ್ನು ಬೇಕೆಂದೇ ಅದಕ್ಕೆ ತಿರುಗಿಸುವ ಕವಾಟಗಳಿದ್ದವು. ಅಂಥ ಎಂಜಿನ್ನಿಗೆ ಹೊರಗಿನ ಗಾಳಿ ತಂದುಕೊಟ್ಟರೆ ನಿಜವಾದ ಲಾಭವೇ ಇತ್ತು. ಅಮೆರಿಕದ ಡ್ರ್ಯಾಗ್ ರೇಸಿಂಗ್ ಮಂದಿ ಇದನ್ನು ಬೇಗ ಕಂಡುಕೊಂಡರು. 1964ರ ಫೋರ್ಡ್ ಥಂಡರ್‌ಬೋಲ್ಟ್ ಕಾರಿನಲ್ಲಿ ನಾಲ್ಕು ಹೆಡ್‌ಲೈಟುಗಳ ಪೈಕಿ ಒಳಗಿನ ಎರಡನ್ನು ತೆಗೆದು, ಆ ಜಾಗದಲ್ಲಿ ಜಾಲರಿ ಕೂರಿಸಿ, ಅಲ್ಲಿಂದ ದಪ್ಪ ಹೋಸುಗಳನ್ನು ನೇರ ಕಾರ್ಬ್ಯುರೇಟರಿಗೆ ಎಳೆದಿದ್ದರು. ಮುಂದೆ ಪಾಂಟಿಯಾಕಿನ ‘ರ‍್ಯಾಮ್ ಏರ್’, ಪ್ಲಿಮತ್‌ನ ‘ಏರ್ ಗ್ರ್ಯಾಬರ್’ ಮೊದಲಾದ ಹೆಸರುಗಳಲ್ಲಿ ಬಾನೆಟ್ ಮೇಲಿನ ತೂತು ಶೋರೂಮಿಗೇ ಬಂತು.

ವೇಗದಿಂದ ಗಾಳಿ ತಾನಾಗಿ ಒಳನುಗ್ಗುತ್ತದೆ ಎಂಬ ನಂಬಿಕೆ ಆ ಹೆಸರುಗಳಲ್ಲಿತ್ತು. ಲೆಕ್ಕ ಹಾಕಿದರೆ ಉತ್ಸಾಹ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ನುಗ್ಗುಬಲ ವಾತಾವರಣದ ಒತ್ತಡದ ಶೇ. ಅರ್ಧವೂ ಇಲ್ಲ; 200ರಲ್ಲಿ ಶೇ. 2ಕ್ಕಿಂತ ಕಡಿಮೆ. ಫಾರ್ಮುಲಾ ಒನ್ ಕಾರುಗಳಿಗೆ ಅಷ್ಟೂ ದೊಡ್ಡದೇ. 1970ರ ದಶಕದಲ್ಲಿ ಚಾಲಕನ ತಲೆಯ ಮೇಲೆ ಗೋಪುರದಂತೆ ಏರಿದ್ದ ಏರ್ ಬಾಕ್ಸುಗಳನ್ನು 1976ರ ಋತುವಿನ ನಡುವೆ ನಿಯಮ ಮಾಡಿ ಇಳಿಸಬೇಕಾಯಿತು. ಊರ ರಸ್ತೆಯ ಕಾರಿಗೆ ರ‍್ಯಾಮ್ ಏರಿನ ನಿಜವಾದ ಕೊಡುಗೆ ಒತ್ತಡವಲ್ಲ, ತಂಪು.

ಇದಕ್ಕಿಂತ ಜಾಣ ದಾರಿ ಮ್ಯಾನಿಫೋಲ್ಡಿನದು. ಕವಾಟ ಮುಚ್ಚಿದಾಗ ಕೊಳವೆಯಲ್ಲಿ ಹಿಂದಕ್ಕೆ ಹೊರಡುವ ಒತ್ತಡದ ಅಲೆ ತುದಿಗೆ ಬಡಿದು ಮರಳಿ ಬರುವ ಹೊತ್ತಿಗೆ ಕವಾಟ ಮತ್ತೆ ತೆರೆದಿದ್ದರೆ ಒಂದಿಷ್ಟು ಹೆಚ್ಚುವರಿ ಗಾಳಿ ಸಿಲಿಂಡರಿಗೆ ಸೇರುತ್ತದೆ. ಕೊಳವೆ ಉದ್ದವಾದಷ್ಟೂ ಈ ಹೊಂದಾಣಿಕೆ ಕಡಿಮೆ ಆರ್‌ಪಿಎಂನಲ್ಲಿ ಕೂಡಿಬರುತ್ತದೆ. 1960ರ ಕ್ರೈಸ್ಲರ್ 300ಎಫ್ ಕಾರಿನ ವಿ-8 ಎಂಜಿನ್ನಿಗೆ ಸುಮಾರು 75 ಸೆಂಟಿಮೀಟರ್ ಉದ್ದದ ಕೊಳವೆಗಳಿದ್ದವು. ಒಂದು ಬದಿಯ ಸಿಲಿಂಡರುಗಳ ಕಾರ್ಬ್ಯುರೇಟರ್ ಎಂಜಿನ್ನಿನ ಇನ್ನೊಂದು ಬದಿಯಲ್ಲಿ, ಕೊಳವೆಗಳೆಲ್ಲ ಮೇಲೆ ಅಡ್ಡಲಾಗಿ ಹೆಣೆದುಕೊಂಡು ನೋಡುವಂತಿದ್ದವು. 1991ರಲ್ಲಿ ಲೆ ಮಾನ್ಸ್ 24 ಗಂಟೆಯ ರೇಸ್ ಗೆದ್ದ ಮಾಜ್ದಾ 787ಬಿ ಇನ್ನೂ ಮುಂದೆ ಹೋಗಿ, ಆರ್‌ಪಿಎಂಗೆ ತಕ್ಕಂತೆ ಓಡುತ್ತಲೇ ಉದ್ದ ಬದಲಿಸಿಕೊಳ್ಳುವ ಕೊಳವೆಗಳನ್ನು ಹೊತ್ತಿತ್ತು. ಈಗಿನ ಎಷ್ಟೋ ಕಾರುಗಳ ಪ್ಲಾಸ್ಟಿಕ್ ಮ್ಯಾನಿಫೋಲ್ಡಿನಲ್ಲಿ ಉದ್ದ ದಾರಿ, ಗಿಡ್ಡ ದಾರಿಗಳ ನಡುವೆ ಬದಲಿಸುವ ಕವಾಟ ಕಂಪನಿಯಿಂದಲೇ ಬರುತ್ತದೆ.

ಬಿಡಿಭಾಗಗಳ ಮಾರುಕಟ್ಟೆ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ, ತೊಳೆದು ಮತ್ತೆ ಬಳಸಬಹುದಾದ ಫಿಲ್ಟರಿಗೆ ಹೆಸರಾದ ಕೆ ಅಂಡ್ ಎನ್ ಕಂಪನಿ 1969ರಲ್ಲಿ ಅಲ್ಲಿನ ರಿವರ್‌ಸೈಡ್ ಊರಿನಲ್ಲಿ ಶುರುವಾಯಿತು. 1990ರ ದಶಕದಲ್ಲಿ ಹೋಂಡಾ ಸಿವಿಕ್‌ನಂಥ ಸಣ್ಣ ಜಪಾನಿ ಕಾರುಗಳನ್ನು ಹುರಿಗೊಳಿಸುವ ಗೀಳು ಅಲ್ಲಿ ಹಬ್ಬಿದಾಗ, ಹೊಳೆಯುವ ಅಲ್ಯೂಮಿನಿಯಂ ಕೊಳವೆ ಮತ್ತು ಶಂಕುವಿನಾಕಾರದ ಫಿಲ್ಟರ್ ಆ ಗೀಳಿನ ಗುರುತೇ ಆದವು.

ಮಾರ್ಪಾಡಿನ ಬಗೆಗಳು

ಎಲ್ಲಕ್ಕಿಂತ ಸರಳವಾದದ್ದು ಕಂಪನಿಯ ಬಾಕ್ಸ್ ಹಾಗೆಯೇ ಇಟ್ಟು ಕಾಗದದ ಫಿಲ್ಟರ್ ಬದಲು ಹತ್ತಿಯದನ್ನು ಕೂರಿಸುವುದು. ಹಾನಿ ಕಡಿಮೆ, ಲಾಭವೂ ಕಡಿಮೆ. ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರನ್ನು ಹರಡಿದರೆ ಅದರ ವಿಸ್ತೀರ್ಣ ದೊಡ್ಡದು. ಹೊಸದಿದ್ದಾಗ ಅದು ಒಡ್ಡುವ ತಡೆ ಅಲ್ಪ. ಮೈಲೇಜು ಹೆಚ್ಚುತ್ತದೆಂಬ ಮಾತಿಗೂ ಆಧಾರ ಗಟ್ಟಿಯಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಎಂಜಿನ್‌ಗಳ ಫಿಲ್ಟರ್ ಕಟ್ಟಿಕೊಂಡಿದ್ದರೂ ಇಂಧನ ಬಳಕೆ ಬದಲಾಗಲಿಲ್ಲ. ವೇಗ ಹೆಚ್ಚಿಸಿಕೊಳ್ಳುವ ಚುರುಕು ಮಾತ್ರ ಕುಂದಿತು. ಕಾರಣ ಸುಲಭ. ನಿಧಾನ ಓಡುವಾಗ ಗಾಳಿಯನ್ನು ತಡೆಯುವ ಕೆಲಸವನ್ನು ಥ್ರಾಟಲ್ಲೇ ಮಾಡುತ್ತಿರುತ್ತದೆ. ಫಿಲ್ಟರ್ ಒಂದಿಷ್ಟು ತಡೆದರೆ ಚಾಲಕ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚು ಒತ್ತುತ್ತಾನೆ, ಅಷ್ಟೆ.

ಎರಡನೆಯದು ಬಾಕ್ಸನ್ನೇ ಕಿತ್ತು, ಗಿಡ್ಡ ಕೊಳವೆಯ ತುದಿಗೆ ಶಂಕು ಫಿಲ್ಟರ್ ಸಿಕ್ಕಿಸಿ ಬಾನೆಟ್ ಒಳಗೇ ಬಿಡುವುದು. ಅಗ್ಗ, ಗದ್ದಲ ಜೋರು, ನೋಡಲು ಭರ್ಜರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಮಾತ್ರ ಇದು ರೇಡಿಯೇಟರ್ ಫ್ಯಾನ್ ಉಗುಳಿದ ಬಿಸಿಯನ್ನೇ ಮತ್ತೆ ಎಳೆಯುತ್ತದೆ. ತಡೆ ತಗ್ಗಿಸಿ ಗಳಿಸಿದ್ದನ್ನು ಬಿಸಿ ಕಸಿದುಕೊಂಡು, ಹಲವು ಸಲ ಕೈಯಿಂದಲೂ ಕಳೆದುಕೊಳ್ಳುವಂತೆ ಮಾಡುತ್ತದೆ. ಫಿಲ್ಟರ್ ಸುತ್ತ ತಗಡಿನ ಮರೆ ಕಟ್ಟಿ ಹೊರಗಿನ ಗಾಳಿಗೆ ದಾರಿ ಮಾಡಿಕೊಟ್ಟರೆ ಕಂಪನಿಯ ಏರ್ ಬಾಕ್ಸನ್ನೇ ಇನ್ನೊಂದು ರೂಪದಲ್ಲಿ ಮತ್ತೆ ಕಟ್ಟಿದಂತಾಗುತ್ತದೆ.

ಮೂರನೆಯದು ಕೋಲ್ಡ್ ಏರ್ ಇನ್‌ಟೇಕ್. ಉದ್ದ ಕೊಳವೆಯೊಂದು ಫಿಲ್ಟರನ್ನು ಬಂಪರ್ ಹಿಂದಿನ ತಂಪು ಜಾಗಕ್ಕೆ ಇಳಿಸುತ್ತದೆ. ತತ್ತ್ವದಲ್ಲಿ ಇದೇ ಸರಿ. ಕೊಳವೆ ಲೋಹದ್ದಾದರೆ ಗಾಳಿ ಕಾಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಮೇಲೆ ಹೇಳಿದ 60 ಲೀಟರಿನ ಹರಿವು 65 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ 18 ಮೀಟರಿನಂತೆ ಸಾಗುತ್ತದೆ. ಅರ್ಧ ಮೀಟರ್ ದಾಟಲು ಸೆಕೆಂಡಿನ ನೂರನೇ ಮೂರು ಭಾಗವೂ ಬೇಡ, ಅಷ್ಟರಲ್ಲಿ ಹೆಚ್ಚೇನೂ ಕಾಯದು. ಐಡಲಿಂಗ್‌ನಲ್ಲಿ ನಿಂತಾಗ ಕತೆ ಬೇರೆ: ಗಾಳಿ ಒಂದು ಸೆಕೆಂಡಿನ ಆಸುಪಾಸು ಒಳಗೇ ಉಳಿದು ಕೊಳವೆಯ ಬಿಸಿಯನ್ನೆಲ್ಲ ಹೀರುತ್ತದೆ.

ಕಣ್ಣಿಗೆ ಬೀಳದ, ಆದರೆ ಬೆಲೆಯುಳ್ಳ ಇನ್ನೊಂದು ಕೆಲಸ ಮೂತಿಯ ಅಂಚಿನದು. ಚೂಪು ಅಂಚಿನ ರಂಧ್ರದಲ್ಲಿ ಗಾಳಿ ಒಳತಿರುಗುವಾಗ ಹರಿವು ಕುಗ್ಗಿ, ಸಿದ್ಧಾಂತ ಹೇಳುವುದರ ಶೇ. 60ರಷ್ಟೇ ಹಾಯುತ್ತದೆ. ಅಂಚನ್ನು ತುತ್ತೂರಿಯ ಬಾಯಿಯ ಹಾಗೆ ದುಂಡಗೆ ಹೊರಳಿಸಿದರೆ ಅದು ಶೇ. 95 ದಾಟುತ್ತದೆ. ರೇಸ್ ಕಾರುಗಳ ಇನ್‌ಟೇಕ್ ಬಾಯಿಗಳೆಲ್ಲ ದುಂಡಗಿರುವುದು ಅಂದಕ್ಕಲ್ಲ.

ಎಲ್ಲವನ್ನೂ ಒಟ್ಟಿಗೆ, ಹಣದ ಚಿಂತೆಯಿಲ್ಲದೆ ಮಾಡಿದರೆ ಎಷ್ಟು ಸಿಗುತ್ತದೆ? ಇದಕ್ಕೆ 2003ರ ಬಿಎಂಡಬ್ಲ್ಯು ಎಂ3 ಸಿಎಸ್‌ಎಲ್ ಒಳ್ಳೆಯ ನಿದರ್ಶನ. ಮೊದಲೇ ಚೆನ್ನಾಗಿ ಉಸಿರಾಡುತ್ತಿದ್ದ ಎಂ3 ಎಂಜಿನ್ನಿಗೆ ಕಾರ್ಖಾನೆಯ ಎಂಜಿನಿಯರುಗಳೇ ದೊಡ್ಡ ಕಾರ್ಬನ್ ಫೈಬರ್ ಏರ್ ಬಾಕ್ಸ್ ಕೂರಿಸಿದರು, ಬಂಪರಿನಲ್ಲಿ ಗುಂಡು ತೂತು ಕೊರೆದು ಗಾಳಿ ತಂದರು, ಹರಿವಿಗೆ ಅಡ್ಡವಿದ್ದ ಗಾಳಿಮಾಪಕವನ್ನೇ ತೆಗೆದುಹಾಕಿದರು, ಕ್ಯಾಮ್‌ಶಾಫ್ಟನ್ನೂ ಇಸಿಯುವನ್ನೂ ಬದಲಿಸಿದರು. ಶಕ್ತಿ 343ರಿಂದ 360 ಅಶ್ವಶಕ್ತಿಗೆ ಏರಿತು. ಎಂದರೆ ಶೇ. 5. ಅಂಗಡಿಯ ಪೆಟ್ಟಿಗೆಯ ಮೇಲೆ ಶೇ. 10ರಿಂದ 15ರ ಭರವಸೆ ಕಂಡಾಗ ಈ ಸಂಖ್ಯೆಯನ್ನು ನೆನೆಯುವುದು ಉಪಯುಕ್ತ. ಆ ಕಾರಿನ ಇನ್‌ಟೇಕ್ ಸದ್ದಂತೂ ಇಂದಿಗೂ ಹೆಸರುವಾಸಿ.

ಟರ್ಬೊ ಎಂಜಿನ್ನಿನ ಲೆಕ್ಕ ಬೇರೆ. ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತುತ್ತಿದ್ದರೆ ಅದರ ಮುಂದಿನ ತಡೆಯಲ್ಲಿ ಒಂದು ಪಾಲು ಇಳಿಸಿದ್ದಕ್ಕೆ ಹಿಂದೆ ಎರಡು ಪಾಲು ಸಿಗುತ್ತದೆ. ಆದರೆ ಇಸಿಯು ತನಗೆ ಗೊತ್ತುಮಾಡಿದ ಟಾರ್ಕ್ ಬಂದೊಡನೆ ಟರ್ಬೊವನ್ನು ತಡೆಹಿಡಿಯುವುದರಿಂದ, ಸಾಫ್ಟ್‌ವೇರ್ ಬದಲಿಸದ ಹೊರತು ಆ ಲಾಭದ ಬಹುಪಾಲು ಬರೀ ಸಿಳ್ಳೆಯಾಗಿ ಕೇಳಿಸುತ್ತದೆ.

ಅಳೆಯುವ ಬಗೆ

ಮಾರ್ಪಾಡು ಬೇಕೇ ಬೇಡವೇ ಎಂದು ತಿಳಿಯಲು ದುಬಾರಿ ಮಾಪಕ ಬೇಡ. ಗಾರೆ ಕೆಲಸದವರು ಮಟ್ಟ ನೋಡಲು ಹಿಡಿಯುವ ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಆಕಾರದಲ್ಲಿ ಹಲಗೆಗೆ ಬಿಗಿದು ನೀರು ತುಂಬಿಸಿದರೆ ಮಾನೋಮೀಟರ್ ಸಿದ್ಧ. ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಹೋಸಿಗೆ ಜೋಡಿಸಿ, ಇನ್ನೊಂದನ್ನು ಬಯಲಿಗೆ ಬಿಟ್ಟು, ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಥ್ರಾಟಲ್ ಪೂರ್ತಿ ತೆರೆದಾಗ ನೀರಿನ ಮಟ್ಟದಲ್ಲಿ ಬರುವ ವ್ಯತ್ಯಾಸವನ್ನು ಗುರುತಿಸಬೇಕು. ನೀರು ಎಂಜಿನ್ನಿಗೆ ಏರದಷ್ಟು ಎತ್ತರ ಪೈಪಿಗೆ ಇರಲೇಬೇಕು. ಹತ್ತು ಸೆಂಟಿಮೀಟರ್ ವ್ಯತ್ಯಾಸವೆಂದರೆ ಸುಮಾರು ಒಂದು ಕಿಲೋಪ್ಯಾಸ್ಕಲ್, ವಾತಾವರಣದ ಒತ್ತಡದ ಶೇ. 1. ಒಟ್ಟು ತಡೆಯೇ 20 ಸೆಂಟಿಮೀಟರ್ ಇದ್ದರೆ, ಅದನ್ನೆಲ್ಲ ಪವಾಡದಿಂದ ಅಳಿಸಿದರೂ ಸಿಗುವುದು ಶೇ. 2ರ ಆಚೀಚೆ. ಫಿಲ್ಟರಿನ ಮುಂದೆ, ಹಿಂದೆ, ಮೂತಿಯ ಬಳಿ ಬೇರೆಬೇರೆಯಾಗಿ ಅಳೆದರೆ ಯಾವ ಭಾಗ ನಿಜಕ್ಕೂ ತಡೆಯುತ್ತಿದೆ ಎಂಬುದೂ ಗೊತ್ತಾಗುತ್ತದೆ. ಎಷ್ಟೋ ಕಾರುಗಳಲ್ಲಿ ತಪ್ಪಿತಸ್ಥ ಫಿಲ್ಟರ್ ಅಲ್ಲ, ಅದರ ಮುಂದಿನ ಮೂತಿ. ಅದನ್ನು ಅಗಲಿಸಲು ತಗಲುವ ಖರ್ಚು ಅತ್ಯಲ್ಪ.

ಡೈನೊ ಚೀಟಿಯನ್ನು ಓದುವಾಗ ಎಚ್ಚರ ಬೇಕು. ಬಾನೆಟ್ ತೆರೆದಿಟ್ಟು ದೊಡ್ಡ ಫ್ಯಾನ್ ಹಚ್ಚಿ ಓಡಿಸಿದರೆ ತೆರೆದ ಶಂಕು ಫಿಲ್ಟರಿಗೂ ತಣ್ಣನೆಯ ಗಾಳಿಯೇ ಸಿಗುತ್ತದೆ. ರಸ್ತೆಯಲ್ಲಿ ಬಾನೆಟ್ ಮುಚ್ಚಿರುತ್ತದೆ. ಒಂದೇ ಕಾರು ಬೆನ್ನುಬೆನ್ನಿಗೆ ಓಡಿದಾಗಲೂ ಶೇ. 1–2ರಷ್ಟು ಹೆಚ್ಚುಕಮ್ಮಿ ತೋರಿಸುವುದರಿಂದ, ಅಷ್ಟೇ ಗಾತ್ರದ ಲಾಭವನ್ನು ಒಂದೇ ಓಟದಿಂದ ಸಾಧಿಸಿ ತೋರಿಸಲಾಗದು.

ಸೆನ್ಸರ್, ದೂಳು, ನೀರು

ಹಲವು ಕಾರುಗಳಲ್ಲಿ ಫಿಲ್ಟರಿನ ಹಿಂದೆಯೇ ಬಿಸಿತಂತಿಯ ಗಾಳಿಮಾಪಕ, ಮೆಕ್ಯಾನಿಕರ ಬಾಯಲ್ಲಿ ಮ್ಯಾಫ್ ಸೆನ್ಸರ್, ಇರುತ್ತದೆ. ಅದು ನಿರ್ದಿಷ್ಟ ವ್ಯಾಸದ ಕೊಳವೆಗೆಂದು ಲೆಕ್ಕ ಕಟ್ಟಿಕೊಂಡಿರುತ್ತದೆ. ಕೊಳವೆಯ ವ್ಯಾಸ ಶೇ. 10 ಹೆಚ್ಚಿದರೆ ವಿಸ್ತೀರ್ಣ ಶೇ. 21 ಹೆಚ್ಚಿ, ತಂತಿಯ ಬಳಿ ಗಾಳಿಯ ವೇಗ ಇಳಿಯುತ್ತದೆ. ಗಾಳಿ ಕಡಿಮೆ ಬಂತೆಂದು ನಂಬಿದ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಮೆಲ್ಲನೆ ಓಡುವಾಗ ಆಕ್ಸಿಜನ್ ಸೆನ್ಸರ್ ಇದನ್ನು ತಿದ್ದೀತು. ಪೂರ್ತಿ ಥ್ರಾಟಲ್‌ನಲ್ಲಿ ಆ ತಿದ್ದುಪಡಿಯನ್ನು ನೆಚ್ಚದ ಇಸಿಯುಗಳಿವೆ, ಆಗ ಪೆಟ್ರೋಲ್ ಸಾಲದೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಹತ್ತಿಯ ಫಿಲ್ಟರಿಗೆ ಎಣ್ಣೆ ಅತಿಯಾದರೆ ಅದು ತಂತಿಗೆ ಅಂಟಿ ಅಳತೆಯನ್ನು ಕೆಡಿಸುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಸಣ್ಣ ಕಾರುಗಳಿಗೆ ಈ ತಾಪತ್ರಯವಿಲ್ಲ.

ದೂಳಿನ ವಿಚಾರದಲ್ಲಿ ನಮ್ಮ ನಾಡಿಗೆ ಕ್ಯಾಲಿಫೋರ್ನಿಯಾದ ಪಾಠ ಸಾಲದು. ದೂಳಿನಲ್ಲಿರುವ ಸ್ಫಟಿಕದ ಕಣಗಳು ಎಂಜಿನ್ನಿನ ಬಹುತೇಕ ಲೋಹಗಳಿಗಿಂತ ಗಡುಸು. ಫಿಲ್ಟರ್ ದಾಟಿ ಹೋದವು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಗಳನ್ನು ಉಜ್ಜಿ ಸವೆಸುತ್ತವೆ. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಓಡುವ ಕಾರಿಗೆ, ಮಲೆನಾಡಿನ ಎಸ್ಟೇಟುಗಳ ಮಣ್ಣುರಸ್ತೆಯಲ್ಲಿ ನಡೆಯುವ ರ‍್ಯಾಲಿಯ ಕಾರಿಗೆ ಹರಿವಿಗಿಂತ ಸೋಸುವಿಕೆಯೇ ಮುಖ್ಯ. ಫಿಲ್ಟರುಗಳನ್ನು ಹೋಲಿಸಲು ಐಎಸ್‌ಒ 5011 ಎಂಬ ಪರೀಕ್ಷಾಕ್ರಮವಿದೆ. ಹರಿವಿನ ತಡೆ, ಹಿಡಿದ ದೂಳಿನ ಪಾಲು, ತುಂಬುವ ಮುನ್ನ ಹೊತ್ತ ದೂಳಿನ ತೂಕ ಈ ಮೂರನ್ನೂ ಕೊಡದ ತಯಾರಕರ ಮಾತಿಗೆ ತೂಕ ಕಡಿಮೆ. ಕಾಗದದ ಫಿಲ್ಟರಿನ ಒಂದು ಗುಣ ಅನೇಕರಿಗೆ ತಿಳಿದಿಲ್ಲ: ಅದರ ಮೇಲೆ ಕೂತ ದೂಳಿನ ಪದರವೇ ನಂತರದ ದೂಳನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರತಿ ಸಲವೂ ಕಂಪ್ರೆಸರ್ ಹಿಡಿದು ಜೋರಾಗಿ ‘ಏರ್ ಹೊಡೆಸುವುದು’ ಆ ಪದರವನ್ನು ಕಳೆಯುವುದಲ್ಲದೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳನ್ನೂ ಮಾಡೀತು.

ಬಂಪರ್ ಮಟ್ಟಕ್ಕೆ ಇಳಿದ ಫಿಲ್ಟರಿಗೆ ಮಳೆಗಾಲವೇ ಶತ್ರು. ನೀರು ಕುಗ್ಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಒಂದೇ ಕ್ಷಣದಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುವ ಊರುಗಳಲ್ಲಿ ಇದು ಬರೀ ಪುಸ್ತಕದ ಎಚ್ಚರಿಕೆಯಲ್ಲ. ಕೊಳವೆಯ ಎತ್ತರದ ಭಾಗದಲ್ಲಿ ಬೈಪಾಸ್ ಕವಾಟ ಇಟ್ಟು, ಫಿಲ್ಟರ್ ಮುಳುಗಿದರೆ ಅಲ್ಲಿಂದ ಗಾಳಿ ಎಳೆಯುವ ಏರ್ಪಾಡನ್ನು ಕೆಲವರು ಮಾರುತ್ತಾರೆ. ಕಾಡುದಾರಿಯ ಜೀಪುಗಳ ಸ್ನಾರ್ಕೆಲ್ ಇದೇ ಸಮಸ್ಯೆಗೆ ತದ್ವಿರುದ್ಧ ದಿಕ್ಕಿನ ಪರಿಹಾರ. ಅದು ಮೂತಿಯನ್ನು ಚಾವಣಿಯ ಮಟ್ಟಕ್ಕೆ ಎತ್ತುತ್ತದೆ.

ರೇಸಿಂಗ್ ಮತ್ತು ಕಾನೂನು

ಗಾಳಿಗೆ ಕಡಿವಾಣ ಹಾಕಿದರೆ ಶಕ್ತಿಗೂ ಕಡಿವಾಣ ಬೀಳುತ್ತದೆ ಎಂಬುದನ್ನು ರೇಸಿಂಗ್ ಸಂಸ್ಥೆಗಳು ಚೆನ್ನಾಗಿ ಬಳಸಿಕೊಂಡಿವೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಕಿಂಡಿಯಲ್ಲೇ ಹಾಯಬೇಕು. ಅಲ್ಲಿ ಹರಿವು ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಸೆಕೆಂಡಿಗೆ 70 ಗ್ರಾಮಿನ ಆಸುಪಾಸಿಗಿಂತ ಹೆಚ್ಚು ಬರದು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ಸೇರಿ ಇಂಥ ಸ್ಪರ್ಧೆಗೆ ಇಳಿಯುವ ವಿದ್ಯಾರ್ಥಿ ತಂಡಗಳು ಇನ್‌ಟೇಕ್ ವಿನ್ಯಾಸವನ್ನು ಕಲಿಯುವುದು ಈ ಕಿಂಡಿಯೊಡನೆ ಗುದ್ದಾಡುತ್ತಲೇ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ 1995ರಲ್ಲಿ ಟರ್ಬೊ ಕಿಂಡಿಯ ಮಿತಿ 34 ಮಿಲಿಮೀಟರ್ ಇತ್ತು. ಆ ವರ್ಷ ಸ್ಪೇನಿನ ಕ್ಯಾಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡದ ಸೆಲಿಕಾ ಕಾರುಗಳ ಹೋಸ್ ಬಿಗಿದಾಗ ಕಿಂಡಿ ಸ್ಪ್ರಿಂಗಿನ ಬಲದಿಂದ ಕೆಲವು ಮಿಲಿಮೀಟರ್ ಸರಿದು, ಪಕ್ಕದಿಂದ ಕಳ್ಳಗಾಳಿ ನುಗ್ಗುವಂತಿತ್ತು. ತಪಾಸಣೆಗೆಂದು ಹೋಸ್ ಬಿಚ್ಚಿದರೆ ಅದು ತಾನಾಗಿ ಮೊದಲಿನ ಜಾಗಕ್ಕೆ ಮರಳುತ್ತಿತ್ತು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಆ ತಂಡವನ್ನು ಒಂದು ವರ್ಷ ಹೊರಗಿಟ್ಟಿತು.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನದ ಬದಲಾವಣೆಗೆ ಮಿತಿ ಹಾಕುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ನೋಂದಣಿ ಪತ್ರದಲ್ಲಿ ಏರ್ ಫಿಲ್ಟರಿನ ಉಲ್ಲೇಖವೇ ಇಲ್ಲದ್ದರಿಂದ ಬಾಕ್ಸಿನೊಳಗಿನ ಬದಲಿ ಫಿಲ್ಟರನ್ನು ಯಾರೂ ಪ್ರಶ್ನಿಸುವುದಿಲ್ಲ. ಸದ್ದು, ಹೊಗೆ ಅಥವಾ ವಾರಂಟಿಯ ಮಾತು ಬಂದಾಗ ತೆರೆದ ಇನ್‌ಟೇಕಿಗೆ ಆ ರಿಯಾಯಿತಿ ಸಿಗದು. ಕ್ಯಾಲಿಫೋರ್ನಿಯಾದಲ್ಲಿ ಗೊಂದಲ ಕಡಿಮೆ: ರಾಜ್ಯದ ವಾಯುಮಂಡಳಿ ಪರೀಕ್ಷಿಸಿ ಆದೇಶಸಂಖ್ಯೆ ಕೊಟ್ಟ ಇನ್‌ಟೇಕುಗಳನ್ನಷ್ಟೇ ರಸ್ತೆಯ ಕಾರಿಗೆ ಹಾಕಬಹುದು, ಹೊಗೆ ತಪಾಸಣೆಯವರು ಬಾನೆಟ್ ಎತ್ತಿ ಮೊದಲು ಹುಡುಕುವುದು ಆ ಸಂಖ್ಯೆಯ ಸ್ಟಿಕ್ಕರನ್ನೇ.